ತುತ್ತಿಗೆ ಹೆದರಿದ ಟೇಪಕ್ಕ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಆ ಬೀದಿಯವರಿಗೆಲ್ಲ ಅವಳು ಟೇಪಕ್ಕ. ಎರಡು ಶಾಲೆ, ಒಂದು ಕಾರ್ಖಾನೆಯ ಸಮವಸ್ತ್ರಗಳೆಲ್ಲ ಅವಳ ಅಂಗಡಿಯಲ್ಲೇ ಹೊಲಿಗೆಯಾಗುತ್ತಿದ್ದವು. ಎಂಥ ಡೊಳ್ಳುಹೊಟ್ಟೆಯವನು ಬಂದು ನಿಂತರೂ ಒಂದೇ ಸಲ ಟೇಪು ಸುತ್ತಿ, ಅಳತೆ ಪುಸ್ತಕದಲ್ಲಿ ಗೀಚಿಕೊಂಡು, "ಗುರುವಾರ ಬನ್ನಿ" ಎಂದುಬಿಡುತ್ತಿದ್ದಳು. ತನ್ನ ಮೈಗೆ ಮಾತ್ರ ಟೇಪು ಹಿಡಿದು ಹತ್ತು ವರ್ಷದ ಮೇಲಾಗಿತ್ತು. ತನ್ನ ಬಟ್ಟೆಯನ್ನು ಕಣ್ಣಂದಾಜಿನಲ್ಲಿ ಕತ್ತರಿಸಿ, ಎರಡೂ ಬದಿಗೆ ಮೂರು ಮೂರು ಬೆರಳು ಹೆಚ್ಚಿಗೆ ಬಿಟ್ಟು ಹೊಲಿದುಕೊಳ್ಳುತ್ತಿದ್ದಳು.

ಊಟಕ್ಕೆ ಅವಳಿಗೆ ಹೊತ್ತು ಗೊತ್ತು ಇರಲಿಲ್ಲ. ಎಡಗೈ ಸೂಜಿಯ ಕೆಳಗೆ ಬಟ್ಟೆ ತಳ್ಳುತ್ತಿರುವಾಗಲೇ ಬಲಗೈ ಗುಂಡಿಗಳ ಡ್ರಾಯರಿಗೆ ಹೋಗುತ್ತಿತ್ತು. ಅಲ್ಲಿ ಗುಂಡಿಗಳ ಪಕ್ಕದಲ್ಲಿ ಬಿಸ್ಕತ್ತಿನ ಪೊಟ್ಟಣಗಳು. ಮಧ್ಯಾಹ್ನದ ಅನ್ನವನ್ನು ನಿಂತುಕೊಂಡೇ ಐದು ನಿಮಿಷದಲ್ಲಿ ಮುಗಿಸಿ, ಚೊಂಬು ನೀರು ಗಟಗಟನೆ ಕುಡಿದು ಮತ್ತೆ ಮಷಿನ್ನಿಗೆ ಕೂರುವಳು. ಏನು ತಿಂದೆ ಎಂದು ಕೇಳಿದರೆ ಅವಳಿಗೇ ನೆನಪಿರುತ್ತಿರಲಿಲ್ಲ. ನಲವತ್ಮೂರನೇ ವಯಸ್ಸಿಗೆ ನೂರ ಇಪ್ಪತ್ತೆಂಟು ಕಿಲೋ ಆಗಿದ್ದಳು. ಸಕ್ಕರೆ ಕಾಯಿಲೆ ಬಂದಿತ್ತು. ಮಂಡಿಗಳು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿದ್ದವು.

ಒಂದು ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಹತ್ತಿತು. ಕಾಲರು ಸರಿಮಾಡಿಸಲು ಬಂದ ಶಾಲೆಯ ಗುಮಾಸ್ತ, ಎಬ್ಬಿಸುವುದೇಕೆ ಎಂದು ಬಾಗಿಲಲ್ಲೇ ನಿಂತಿದ್ದ. ಅವಳ ಗೊರಕೆ ಇದ್ದಕ್ಕಿದ್ದಂತೆ ನಿಂತಿತು. ಮತ್ತೆ ಶುರುವಾಗಬಹುದೆಂದು ಕಾದ. ಆಗಲಿಲ್ಲ. ತುಟಿ ಕಪ್ಪಿಡತೊಡಗಿದಾಗ ಹೌಹಾರಿ ಓಡಿಬಂದು ಭುಜ ಹಿಡಿದು ಅಲುಗಾಡಿಸಿದ. ಅವಳು ಬಾವಿಯಿಂದ ಮೇಲೆದ್ದವಳ ಹಾಗೆ ಉಸಿರು ಎಳೆದುಕೊಂಡು ಎದ್ದಳು.

"ನೀವು ಹೋಗೇಬಿಟ್ರಿ ಅಂದ್ಕೊಂಡೆ ಅಕ್ಕಾ," ಎಂದ ಗುಮಾಸ್ತ.

ಆ ಮಾತು ಅವಳನ್ನು ಆಸ್ಪತ್ರೆಯ ತನಕ ಅಟ್ಟಿಸಿಕೊಂಡು ಹೋಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸರ್ಜನ್, ತೂಕ ಇಳಿಯದೆ ಈ ಉಸಿರಿನ ತೊಂದರೆ ಹೋಗುವುದಿಲ್ಲ ಎಂದು ಹೇಳಿ, ಕಾಗದದ ಮೇಲೆ ಒಂದು ಚೀಲದ ಚಿತ್ರ ಬರೆದು, ಉದ್ದಕ್ಕೆ ಒಂದು ಗೆರೆ ಎಳೆದ. "ಇಷ್ಟನ್ನು ಕತ್ತರಿಸಿ ತೆಗೀತೀವಿ. ಉಳಿಯೋದು ಒಂದು ಬಾಳೆಹಣ್ಣಿನಷ್ಟು ಹೊಟ್ಟೆ."

ಟೇಪಕ್ಕ ಚಿತ್ರವನ್ನೇ ನೋಡಿದಳು. "ಹೊಲಿಗೆ ಹೇಗೆ ಹಾಕ್ತೀರಾ ಡಾಕ್ಟ್ರೇ?"

"ಪಿನ್ನು ಹೊಡೀತೀವಿ. ಸಾಲಾಗಿ, ಸಣ್ಣ ಸಣ್ಣ ಪಿನ್ನು."

"ಹೊಲಿಗೆ ಬಿಟ್ಟುಕೊಂಡ್ರೆ?"

"ನೂರರಲ್ಲಿ ಒಬ್ಬರಿಗೆ ಆದ್ರೆ ಆಯ್ತು."

ಇಪ್ಪತ್ತೈದು ವರ್ಷ ಬಟ್ಟೆ ಹೊಲಿದವಳಿಗೆ ಆ 'ನೂರರಲ್ಲಿ ಒಬ್ಬರು' ತಾನೇ ಎನ್ನುವುದು ಅಲ್ಲೇ ಖಾತ್ರಿಯಾಗಿಹೋಯಿತು. ಹೊಲಿಗೆ ಎಲ್ಲಿ ಬಿಡುತ್ತದೆ, ಯಾಕೆ ಬಿಡುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿರುವಿನಲ್ಲಿ ಬಿಡುತ್ತದೆ. ಒಳಗಿನಿಂದ ಒತ್ತಿದರೆ ಬಿಡುತ್ತದೆ. ಜೊತೆಗೆ ಅಣ್ಣನ ನೆನಪು ಬೇರೆ. ಹರ್ನಿಯಾ ಆಪರೇಷನ್ನಿಗೆಂದು ನಗುನಗುತ್ತಾ ಒಳಗೆ ಹೋದ ಅಣ್ಣ ಮತ್ತೆ ಕಣ್ಣು ಬಿಟ್ಟಿರಲಿಲ್ಲ. ಅದಾಗಿ ಹದಿನೆಂಟು ವರ್ಷವಾಗಿದ್ದರೂ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದರೆ ಅವಳಿಗೆ ಕಾಣುತ್ತಿದ್ದುದು ಆ ಮುಚ್ಚಿದ ಬಾಗಿಲೇ.

ಗಂಡ ಲಿಫ್ಟ್ ಮೆಕ್ಯಾನಿಕ್ಕು, ಮಾತು ಕಮ್ಮಿ. "ಮಾಡಿಸ್ಕೋ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ," ಎಂದ. ಆಮೇಲೆ, "ಆದ್ರೆ ಆ ಗುಮಾಸ್ತ ಅವತ್ತು ಬರದೇ ಇದ್ದಿದ್ರೆ?" ಎಂದ. ಕಾಲೇಜಿಗೆ ಹೋಗುವ ಮಗಳು ಅಮ್ಮನ ಕೈ ಹಿಡಿದುಕೊಂಡು ಕೂತಳು. ಟೇಪಕ್ಕ ಒಪ್ಪಿದಳು.

ಆಪರೇಷನ್ನಿಗೆ ಮೊದಲು ಹದಿನೈದು ದಿನ ಬರೀ ದ್ರವ ಆಹಾರದ ಮೇಲಿರಬೇಕಾಗಿತ್ತು. ಆಸ್ಪತ್ರೆಯ ಆಹಾರ ತಜ್ಞೆ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ ಎತ್ತರದ ಹೆಂಗಸು, ಅದನ್ನು ಬಿಡಿಸಿ ಹೇಳಿದಳು. "ಕೊಬ್ಬು ತುಂಬಿ ನಿಮ್ಮ ಯಕೃತ್ತು ಊದ್ಕೊಂಡಿದೆ. ಹೊಟ್ಟೆ ಅದರ ಅಡಿಯಲ್ಲಿದೆ. ಯಕೃತ್ತು ಇಳೀದಿದ್ರೆ ಸರ್ಜನ್‌ಗೆ ಹೊಟ್ಟೆ ಸಿಗಲ್ಲ. ಆಪರೇಷನ್ ಮಾಡದೆ ಹಾಗೇ ವಾಪಸ್ ಎಬ್ಬಿಸ್ತಾರೆ." ಜೊತೆಗೆ ಆಪರೇಷನ್ ಆದ ಮೇಲೆ ಹೇಗೆ ತಿನ್ನಬೇಕೆಂದು ಒಂದಿಷ್ಟು ಪಾಠ. ಕೂತುಕೊಂಡೇ ತಿನ್ನಬೇಕು. ಚಿಕ್ಕ ಚಮಚ ಬಳಸಬೇಕು. ಒಂದು ತುತ್ತು ಬಾಯಿಗಿಟ್ಟರೆ ಚಮಚ ಕೆಳಗಿಡಬೇಕು, ಅದು ನುಣ್ಣಗಾಗುವ ತನಕ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು.

ಆರನೇ ದಿನ ಅಡುಗೆಮನೆಯಲ್ಲಿ ಮಗಳು ಅರ್ಧ ತಿಂದು ಬಿಟ್ಟುಹೋದ ಬೆಣ್ಣೆ ಸವರಿದ ಬ್ರೆಡ್ಡು ತಟ್ಟೆಯಲ್ಲಿತ್ತು. ತಟ್ಟೆ ತೊಳೆಯಲು ಹೋದವಳಿಗೆ ಬ್ರೆಡ್ಡು ನುಂಗಿದ್ದು ಗೊತ್ತಾದದ್ದು ನುಂಗಿದ ಮೇಲೆಯೇ. ಸಿಂಕಿನ ಅಂಚು ಹಿಡಿದು ನಿಂತಳು. ಬೆವರು ಕಿತ್ತುಕೊಂಡು ಬಂತು. ಈಗ ಯಕೃತ್ತು ಇಳಿಯುವುದಿಲ್ಲ, ಅಣ್ಣನಿಗೆ ಆದದ್ದೇ ತನಗೂ ಆಗುತ್ತದೆ, ಅದೂ ಬೆಣ್ಣೆ ಬ್ರೆಡ್ಡಿನ ಆಸೆಗೆ. ಮಾರನೇ ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯದೆ ಆಸ್ಪತ್ರೆಗೆ ಹೋಗಿ ಕಳ್ಳಿಯ ಹಾಗೆ ತಪ್ಪೊಪ್ಪಿಕೊಂಡಳು.

"ಅರ್ಧ ಬ್ರೆಡ್ಡಿಗೆ ಯಕೃತ್ತು ಮುನಿಸ್ಕೊಳಲ್ಲ," ಎಂದಳು ಆಹಾರ ತಜ್ಞೆ. "ನೀವು ಬಂದು ಹೇಳಿದ್ರಲ್ಲ, ಅದು ಒಳ್ಳೇದಾಯ್ತು. ಇನ್ಮುಂದೆ ಏನೇ ಆದ್ರೂ ಹೀಗೇ ಹೇಳ್ಬೇಕು." ಟೇಪಕ್ಕ ತಲೆಯಾಡಿಸಿದಳು. ಆ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಕಣ್ಣು ಬಿಟ್ಟಾಗ ತಾನು ಬದುಕಿದ್ದೇನೆಂಬುದನ್ನು ನಂಬಲು ಅವಳಿಗೆ ಅರ್ಧ ದಿನ ಹಿಡಿಯಿತು. ಹೊಟ್ಟೆಯ ಮೇಲೆ ಐದು ಸಣ್ಣ ಗಾಯ, ಅಷ್ಟೇ. ಎರಡು ದಿನ ಕಳೆದು ಮನೆಗೆ ಹೊರಡುವ ಹೊತ್ತಿಗೆ ಭಯವೆಲ್ಲ ಹಿಂದೆ ಸರಿದಿತ್ತು. ಅಷ್ಟರಲ್ಲಿ ಪಕ್ಕದ ಹಾಸಿಗೆಗೆ ಒಬ್ಬ ಹೆಂಗಸು ಬಂದಳು. ಬಸ್ ಕಂಡಕ್ಟರ್. ಮೂರು ವಾರದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡು ಹೋದವಳು ಈಗ ಜ್ವರ ಬಂದು, ಎದೆ ಡವಡವಗುಟ್ಟುತ್ತಾ ವಾಪಸಾಗಿದ್ದಳು. ಪಿನ್ನಿನ ಸಾಲಿನಲ್ಲಿ ಒಂದು ಕಡೆ ಸೋರುತ್ತಿತ್ತು.

"ಏನು ತಿಂದ್ರಿ?" ಟೇಪಕ್ಕ ಪಿಸುಗುಟ್ಟಿದಳು.

"ಒಂದೇ ಒಂದು ಮೊಟ್ಟೆ ತಿಂದೆ ನಮ್ಮವ್ವ. ಮಾರನೇ ದಿನಾನೇ ಶುರುವಾಯ್ತು," ಎಂದಳು ಕಂಡಕ್ಟರ್.

ಮೊಟ್ಟೆಗೂ ಸೋರಿಕೆಗೂ ಸಂಬಂಧವಿಲ್ಲ ಎಂದು ಡ್ಯೂಟಿ ಡಾಕ್ಟರು ಅಲ್ಲೇ ನಿಂತು ಹೇಳಿದರು. ಅದು ಟೇಪಕ್ಕನ ಕಿವಿಯೊಳಗೆ ಇಳಿಯಲಿಲ್ಲ. ಇಳಿದದ್ದು ಒಂದೇ ಒಂದು ಮೊಟ್ಟೆ.

ಮನೆಯಲ್ಲಿ ಮೊದಲೆರಡು ವಾರ ಔಷಧಿ ಲೋಟದಲ್ಲಿ ಗುಟುಕು ಗುಟುಕಾಗಿ ನೀರು, ತಿಳಿ ಸೂಪು, ಪ್ರೋಟೀನ್ ಪುಡಿ ಕಲಸಿದ ಹಾಲು. ಮಗಳು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಕುಡಿದಾಗಲೆಲ್ಲ ಟೇಪಕ್ಕ ಅದರಲ್ಲಿ ಗುರುತು ಹಾಕಬೇಕು. ಗಂಡ ಅವಳ ಕಣ್ಣಿಗೆ ಬೀಳಬಾರದೆಂದು ತನ್ನ ಊಟದ ಡಬ್ಬಿಯನ್ನು ಮೆಟ್ಟಿಲ ಬಳಿ ಕೂತು ಮುಗಿಸಿ, ಬಾಯಿ ತೊಳೆದುಕೊಂಡು ಒಳಗೆ ಬರುತ್ತಿದ್ದ. ಹಸಿವೇ ಇರಲಿಲ್ಲ ಅವಳಿಗೆ. ಜೀವಮಾನದಲ್ಲಿ ಮೊದಲ ಬಾರಿಗೆ ಅನ್ನದ ವಾಸನೆ ಅವಳನ್ನು ಕರೆಯಲಿಲ್ಲ.

ಮೂರನೇ ವಾರ ಮೆತ್ತಗಿನ ಆಹಾರ ಶುರುವಾಗಬೇಕಿತ್ತು. ಮಗಳು ಬೇಯಿಸಿದ ಮೊಟ್ಟೆಯನ್ನು ಹಿಸುಕಿ ತಂದಿಟ್ಟಳು. ಟೇಪಕ್ಕನ ಕಣ್ಣ ಮುಂದೆ ಕಂಡಕ್ಟರ್ ಬಂದಳು. ಬೇಗ ಮುಗಿಸಿಬಿಡೋಣವೆಂದು ಗಬಕ್ಕನೆ ಎರಡು ಚಮಚ ನುಂಗಿದಳು. ಎದೆಗೂಡಿನ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಿತುಂಬ ನೊರೆ ಜೊಲ್ಲು. ಬಚ್ಚಲಿಗೆ ಓಡಿದಳು. ವಾಂತಿ ಮಾಡುವಾಗ ಎರಡೂ ಕೈಯಿಂದ ಹೊಟ್ಟೆ ಅದುಮಿ ಹಿಡಿದಿದ್ದಳು, ಹೊಲಿಗೆ ಬಿಚ್ಚಿಕೊಳ್ಳದಿರಲಿ ಎಂದು. ಆಮೇಲೆ ಒಂದು ಗಂಟೆ ನಾಡಿ ಹಿಡಿದುಕೊಂಡು ಜ್ವರ ಬರುತ್ತದೆಯೋ ಎಂದು ಕಾದಳು. ಬರಲಿಲ್ಲ. ಆದರೆ ಅವತ್ತೇ ಒಂದು ತೀರ್ಮಾನ ಮಾಡಿಕೊಂಡಳು: ತಿನ್ನದಿದ್ದರೆ ಏನೂ ಆಗುವುದಿಲ್ಲ.

ಹೀಗೆ ಶುರುವಾಯಿತು ಅವಳ ಸುಳ್ಳಿನ ಕಾಲ. ಮಗಳು ಕಾಲೇಜಿಗೆ, ಗಂಡ ಕೆಲಸಕ್ಕೆ ಹೊರಟ ಮೇಲೆ ಪ್ರೋಟೀನ್ ಹಾಲು ಸಿಂಕಿಗೆ, ಹಿಸುಕಿದ ಮೊಟ್ಟೆ ಬೀದಿನಾಯಿಗೆ. ಫ್ರಿಜ್ಜಿನ ಪಟ್ಟಿಯಲ್ಲಿ ಮಾತ್ರ ಒಂದು ಗುರುತೂ ತಪ್ಪಲಿಲ್ಲ. ವಿಟಮಿನ್ ಮಾತ್ರೆಗಳು ಕಡಲೆಕಾಯಿಯಷ್ಟು ದಪ್ಪ. ಅವು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೋ ಎಂದು ಅವನ್ನು ಅಂಗಡಿಗೆ ತಂದು, ಬಟ್ಟೆಗೆ ಗುರುತು ಹಾಕುವ ಚಾಕಿನ ಡಬ್ಬಿಯ ತಳಕ್ಕೆ ಸೇರಿಸುತ್ತಿದ್ದಳು. ದಿನಕ್ಕೆ ನಾಲ್ಕು ಲೋಟ ನೀರು, ಎರಡು ಲೋಟ ತಿಳಿ ಸೂಪು. ಬರಬರುತ್ತಾ ಅದೂ ಒಳಗೆ ನಿಲ್ಲಲಿಲ್ಲ. ತಪಾಸಣೆಗೆ ಕರೆದ ದಿನ, ಕೆಲಸ ಜಾಸ್ತಿ, ಮುಂದಿನ ವಾರ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿ ತಪ್ಪಿಸಿಕೊಂಡಳು.

ಮೈ ಸರಸರನೆ ಇಳಿಯಿತು. ಗಿರಾಕಿಗಳು ಬಾಗಿಲಲ್ಲೇ ನಿಂತು ಬೆರಗಾಗುತ್ತಿದ್ದರು. "ಏನು ಟೇಪಕ್ಕ, ಗುರುತೇ ಸಿಗಲ್ವಲ್ಲ. ನಮಗೂ ಸ್ವಲ್ಪ ಗುಟ್ಟು ಹೇಳಿ." ಅವಳು ನಗುತ್ತಿದ್ದಳು. ಹೊಗಳಿದವರ ಮುಂದೆ ಹೆದರಿಕೆಯ ಮಾತು ತೆಗೆಯುವುದು ಹೇಗೆ? ಗಂಡನಿಗೆ ಒಂದೆರಡು ಸಲ ಅನುಮಾನ ಬಂತು. "ತಿಂತಿದೀಯ ತಾನೇ?" ಎಂದ. ಅವಳು ಫ್ರಿಜ್ಜಿನ ಕಡೆ ಕೈ ತೋರಿಸಿದಳು. ಪಟ್ಟಿಯಲ್ಲಿ ಬರೆದದ್ದನ್ನು ಅವನು ನಂಬಿದ. ಅವನ ಕೆಲಸದಲ್ಲಿ ಹಾಗೆಯೇ, ಕಾರ್ಡಿನಲ್ಲಿ ಗುರುತು ಬಿದ್ದರೆ ಲಿಫ್ಟಿಗೆ ಎಣ್ಣೆ ಹಾಕಿದೆ ಎಂದೇ ಲೆಕ್ಕ.

ಏಳನೇ ವಾರದ ಒಂದು ಬೆಳಗ್ಗೆ ಮಷಿನ್ನಿಗೆ ದಾರ ಪೋಣಿಸಲು ಕೂತಳು. ಸೂಜಿ ಎರಡು ಕಂಡವು. ಕಣ್ಣುಜ್ಜಿಕೊಂಡು ನೋಡಿದಳು. ಎರಡೇ. ಒಂದರ ಪಕ್ಕ ಒಂದು, ಅಕ್ಕತಂಗಿಯರ ಹಾಗೆ. ಒಂದು ಕಣ್ಣು ಮುಚ್ಚಿದರೆ ಒಂದೇ ಸೂಜಿ. ದಾರ ಹೋಯಿತು. ಸುಸ್ತಿಗೆ ಹೀಗಾಗುತ್ತಿದೆ ಎಂದುಕೊಂಡಳು. ಪೆಡಲು ತುಳಿಯಲು ಹೋದರೆ ಪಾದ ತನ್ನದಲ್ಲವೇನೋ ಎಂಬಂತೆ ಜುಮುಗುಡುತ್ತಿತ್ತು. ಎದ್ದು ನಡೆದರೆ ದೋಣಿಯ ಮೇಲೆ ನಡೆದ ಹಾಗೆ ನೆಲ ತೂಗಿತು. ಗೋಡೆ ಹಿಡಿದುಕೊಂಡು ಎರಡು ದಿನ ದೂಡಿದಳು. ಆಗ ಅವಳಿಗೆ ನಿಜವಾದ ದಿಗಿಲು ಹತ್ತಿತು. ಆದರೆ ಹೇಳಿದರೆ ಸುಳ್ಳೆಲ್ಲ ಹೊರಬೀಳುತ್ತದೆ. ತಿನ್ನು ಎನ್ನುತ್ತಾರೆ. ತಿಂದರೆ ಹೊಲಿಗೆ. ಎತ್ತ ತಿರುಗಿದರೂ ಸಾವೇ ಕಂಡಿತು.

ಮೂರನೇ ದಿನ, ಗುಮಾಸ್ತನ ಕೋಟಿಗೆಂದು ತಂದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಚಾಕಿನಿಂದ ಗೆರೆ ಎಳೆದು ಕತ್ತರಿ ಹಿಡಿದಳು. ಗೆರೆ ಎರಡಾಗಿ ಕಂಡಿತು. ಯಾವುದು ನಿಜದ ಗೆರೆ ಎಂದು ತಿಳಿಯಲಿಲ್ಲ. ಒಂದು ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಅಂದಾಜಿನಲ್ಲಿ ಕತ್ತರಿಸಿದಳು. ಕತ್ತರಿ ಬೆನ್ನಿನ ತುಂಡಿನ ನಡುಮಧ್ಯಕ್ಕೆ ಹೋಗಿತ್ತು. ಕೆಲಸ ಕಲಿತಾಗಿನಿಂದ ಅವಳು ಒಂದು ತುಂಡು ಬಟ್ಟೆ ಹಾಳು ಮಾಡಿದವಳಲ್ಲ. ಕತ್ತರಿ ಕೆಳಗಿಟ್ಟು ಅಳತೊಡಗಿದಳು.

ಕಾಲೇಜು ಬೇಗ ಮುಗಿದು ಮಗಳು ಬಂದದ್ದು ಆಗಲೇ. "ಯಾಕಮ್ಮಾ, ಕಣ್ಣಿಗೆ ಏನಾಯ್ತು? ಕೈ ತೆಗಿ."

"ಏನಿಲ್ಲ. ಧೂಳು."

ಮಗಳು ಅಮ್ಮನ ಕೈ ಎಳೆದಳು. ಟೇಪಕ್ಕನ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಅದುರುತ್ತಿದ್ದವು. ಮಗಳು ಕುರ್ಚಿ ತರಲು ತಿರುಗಿದಾಗ ಮೊಣಕೈ ತಾಗಿ ಚಾಕಿನ ಡಬ್ಬಿ ಬಿತ್ತು. ಮಾತ್ರೆಗಳು ನೆಲದ ತುಂಬ ಉರುಳಿದವು. ಇಬ್ಬರೂ ಅವನ್ನೇ ನೋಡಿದರು.

"ಎಷ್ಟು ದಿನದಿಂದ?" ಮಗಳ ದನಿ ಸಣ್ಣಗಾಯಿತು.

"ಮೂರನೇ ವಾರದಿಂದ." ಟೇಪಕ್ಕ ನೆಲ ನೋಡಿದಳು. "ಏನೂ ತಿಂದಿಲ್ಲ ಮಗಳೇ. ಹೆದರಿಕೆ ಆಗತ್ತೆ."

ಮಗಳು ಬೈಯಲಿಲ್ಲ. ಆಹಾರ ತಜ್ಞೆಗೆ ಫೋನು ಹಚ್ಚಿದಳು. ಆ ಕಡೆಯಿಂದ ಬಂದದ್ದು ಮೂರೇ ಪ್ರಶ್ನೆ. ವಾಂತಿ ಆಗ್ತಿದ್ಯಾ? ಎರಡೆರಡು ಕಾಣ್ತಿದ್ಯಾ? ನಡೆಯುವಾಗ ತೂರಾಡ್ತಾರಾ? ಅಮ್ಮನನ್ನು ಕೇಳಿ ಮೂರಕ್ಕೂ ಹೌದು ಎಂದಾಗ ಆಹಾರ ತಜ್ಞೆಯ ದನಿ ಬದಲಾಯಿತು.

"ಈಗಿಂದೀಗಲೇ ಹೊರಡಿ. ಬಿ ಒಂದು ವಿಟಮಿನ್ ಖಾಲಿಯಾಗಿದೆ, ಮೆದುಳಿಗೆ ಪೆಟ್ಟು ಬೀಳ್ತಿದೆ. ನಾನು ಬೇರೆ ಕಡೆ ಇದೀನಿ, ಬರೋಕೆ ಒಂದು ಗಂಟೆ ಬೇಕು. ಸರಿಯಾಗಿ ಕೇಳಿಸ್ಕೋ. ಎಮರ್ಜೆನ್ಸಿಯಲ್ಲಿ ಗ್ಲೂಕೋಸ್ ಹಾಕೋಕೆ ಬಂದ್ರೆ ನಿಲ್ಲಿಸು. ಮೊದಲು ಆ ವಿಟಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಹಿಂದುಮುಂದಾದ್ರೆ ಇನ್ನೂ ಕೆಡುತ್ತೆ. ಏನು ಹೇಳಿದೆ ಹೇಳು."

"ಮೊದಲು ಬಿ ಒಂದು. ಆಮೇಲೆ ಗ್ಲೂಕೋಸ್."

ಆಟೋದಲ್ಲಿ ಮಗಳು ಅದನ್ನೇ ಮಂತ್ರದಂತೆ ಹೇಳಿಕೊಳ್ಳುತ್ತಿದ್ದುದು ಟೇಪಕ್ಕನಿಗೆ ಕೇಳುತ್ತಿತ್ತು. ಬೀದಿಯ ದೀಪದ ಕಂಬಗಳೆಲ್ಲ ಜೋಡಿ ಜೋಡಿಯಾಗಿ ಹಿಂದೆ ಓಡುತ್ತಿದ್ದವು. ಮಗಳ ಮುಖ ಕೂಡ ಎರಡಾಗಿತ್ತು. ಯಾವ ಮುಖ ನೋಡಬೇಕೆಂದು ತಿಳಿಯದೆ ಅವಳು ಕಣ್ಣು ಮುಚ್ಚಿದಳು.

ಎಮರ್ಜೆನ್ಸಿ ತುಂಬಿ ತುಳುಕುತ್ತಿತ್ತು. ಹೊಸಬಳಾದ ನರ್ಸೊಬ್ಬಳು ಟೇಪಕ್ಕನ ಒಣಗಿದ ನಾಲಿಗೆ ನೋಡಿ, ಕೈಗೆ ಸೂಜಿ ಚುಚ್ಚಿ, ಸ್ಟ್ಯಾಂಡಿಗೆ ಬಾಟಲಿ ತಗುಲಿಸಿದಳು.

"ಸಿಸ್ಟರ್, ಅದು ಗ್ಲೂಕೋಸಾ?" ಮಗಳು ನಡುವೆ ಬಂದು ನಿಂತಳು. "ಈಗ ಬೇಡ. ಮೊದಲು ಬಿ ಒಂದು ಕೊಡ್ಬೇಕಂತೆ."

"ನೀವು ಸ್ವಲ್ಪ ಹೊರಗಿರಿ. ನಮ್ಮ ಕೆಲಸ ನಮಗೆ ಗೊತ್ತಿದೆ."

ಮಗಳು ಬಾಟಲಿಯ ನಳಿಕೆಯನ್ನು ಮುಷ್ಟಿಯಲ್ಲಿ ಮಡಚಿ ಹಿಡಿದುಕೊಂಡಳು. ಯಾರ ಎದುರೂ ದನಿ ಎತ್ತದ ಹುಡುಗಿ. "ಡಾಕ್ಟರನ್ನ ಕರೀರಿ. ಅಲ್ಲಿಯವರೆಗೆ ನಾನು ಇದನ್ನ ಬಿಡಲ್ಲ," ಎಂದಳು. ಟೇಪಕ್ಕ ಮಲಗಿದಲ್ಲಿಂದಲೇ ಆ ಮುಷ್ಟಿಯನ್ನು ನೋಡುತ್ತಿದ್ದಳು. ಗೆಣ್ಣುಗಳು ಬಿಳಚಿಕೊಂಡಿದ್ದವು. ಡಾಕ್ಟರು ಬಂದು ಆಪರೇಷನ್ನಿನ ಕಾಗದ ನೋಡಿದವರೇ ಬಾಟಲಿ ತೆಗೆಸಿ, ಇಂಜೆಕ್ಷನ್ ತರಿಸಿದರು. ಸುದ್ದಿ ತಿಳಿದು ಕೆಲಸದ ಬಟ್ಟೆಯಲ್ಲೇ ಓಡಿಬಂದ ಗಂಡ, ಗ್ರೀಸು ಮೆತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಸಿಗೆಯ ಕಾಲ ಬಳಿ ನಿಂತುಬಿಟ್ಟ. "ಪಟ್ಟಿ ನೋಡ್ದೆ, ನಿನ್ನ ಮುಖ ನೋಡ್ಲಿಲ್ಲ," ಎಂದಷ್ಟೇ ಹೇಳಿದ.

ಎರಡನೇ ದಿನಕ್ಕೆ ಗೋಡೆಯ ಗಡಿಯಾರ ಒಂದೇ ಆಯಿತು. ಕಾಲಿನ ಜುಮು ಮಾತ್ರ ಹಾಗೇ ಇತ್ತು. ಅದಕ್ಕೆ ತಿಂಗಳುಗಟ್ಟಲೆ ಬೇಕು, ಪೂರ್ತಿ ಹೋಗದೆಯೂ ಇರಬಹುದು ಎಂದರು. ವಾಂತಿ ಯಾಕೆಂದು ನೋಡಲು ಸರ್ಜನ್ ಗಂಟಲಿನಿಂದ ಕ್ಯಾಮೆರಾ ಇಳಿಸಿದ. ಒಂದು ಕಡೆ ಹೊಟ್ಟೆ ಸ್ವಲ್ಪ ಬಿಗಿದುಕೊಂಡಿತ್ತು. ಅದನ್ನು ಪುಟ್ಟ ಬಲೂನಿನಿಂದ ಹಿಗ್ಗಿಸಿದ. ಆಮೇಲೆ ಅವಳು ಕೇಳಿದ್ದಕ್ಕೆ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದ.

ಟೇಪಕ್ಕ ಕನ್ನಡಕ ಹಾಕಿಕೊಂಡು, ಗಿರಾಕಿಯ ಬಟ್ಟೆ ನೋಡುವ ಹಾಗೆ ಬಗ್ಗಿ ನೋಡಿದಳು. ಗುಲಾಬಿ ಬಣ್ಣದ ಒಂದು ಸಾಲು, ಮೇಲಿನಿಂದ ಕೆಳಗಿನವರೆಗೆ, ಎಲ್ಲೂ ತಪ್ಪಿರಲಿಲ್ಲ.

"ತಿರುವಿನಲ್ಲಿ ತೋರ್ಸಿ," ಎಂದಳು.

ಸರ್ಜನ್ ತಿರುವನ್ನು ದೊಡ್ಡದು ಮಾಡಿ ತೋರಿಸಿದ. "ಇದು ಈಗ ಹೊಲಿಗೆ ಅಲ್ಲ ಅಮ್ಮಾ. ಕೂಡಿಕೊಂಡು ಮಾಂಸ ಆಗಿದೆ. ನಿಮ್ಮನ್ನ ಕೊಲ್ಲೋಕೆ ಹೊರಟಿದ್ದು ಇದಲ್ಲ."

ಅವಳು ಬಹಳ ಹೊತ್ತು ನೋಡಿದಳು. ನಂಬಿಕೆ ಬಂತು. ಭಯ ಹೋಗಲಿಲ್ಲ.

ಆ ಮಧ್ಯಾಹ್ನ ಆಹಾರ ತಜ್ಞೆ ಒಂದು ಬಟ್ಟಲು ಮೊಸರು, ಎರಡು ಚಿಕ್ಕ ಚಮಚ ಹಿಡಿದು ಬಂದು ಹಾಸಿಗೆಯ ಮೇಲೆಯೇ ಕೂತಳು. "ನಾನೂ ತಿಂತೀನಿ, ನೀವೂ ತಿನ್ನಿ." ಮೊದಲ ಚಮಚ ತುಟಿಯ ಬಳಿ ಬರುವಷ್ಟರಲ್ಲಿ ಟೇಪಕ್ಕನ ಚಮಚ ವಾಲಿ ಮೊಸರು ಹೊದಿಕೆಯ ಮೇಲೆ ಚೆಲ್ಲಿತು. ಎರಡನೆಯದು ಬಾಯಿಯೊಳಗೆ ಹೋಯಿತು. ನುಂಗಲು ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಆಹಾರ ತಜ್ಞೆ ಅವಸರ ಮಾಡಲಿಲ್ಲ. ಕಿಟಕಿಯಾಚೆ ನೋಡುತ್ತಾ, ತನ್ನ ಸಮವಸ್ತ್ರದ ತೋಳು ಸಡಿಲವಾಗಿದೆಯೆಂದೂ ಅದಕ್ಕೆ ಏನು ಮಾಡಬೇಕೆಂದೂ ಕೇಳಿದಳು. ಉತ್ತರ ಹೇಳಬೇಕಾದರೆ ಬಾಯಿ ಖಾಲಿಯಾಗಬೇಕಿತ್ತು. ಟೇಪಕ್ಕ ನುಂಗಿದಳು. "ಕಂಕುಳ ಹತ್ತಿರ ಬಿಚ್ಚಿ, ಒಳಗೆ ಹಿಡಿದು ಹೊಲೀಬೇಕು," ಎಂದಳು. ನಾಲ್ಕು ಚಮಚಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು.

ಮನೆಗೆ ಬಂದ ಮೇಲೆ ಪಟ್ಟಿಯನ್ನು ಕಿತ್ತೆಸೆದರು. ಅದರ ಬದಲು ಗಂಡ ಮೆಟ್ಟಿಲು ಬಿಟ್ಟು ಅವಳ ಎದುರಿಗೆ ತಟ್ಟೆ ಇಟ್ಟುಕೊಂಡು ಕೂರತೊಡಗಿದ. ಮಾತ್ರೆಯನ್ನು ಮಗಳು ಪುಡಿ ಮಾಡಿ ಕೊಡುತ್ತಿದ್ದಳು. ಕೆಲವು ದಿನ ಎರಡು ತುತ್ತಿಗೇ ಬೆವರು ಬಂದು ಎದ್ದುಬಿಡುತ್ತಿದ್ದಳು. "ಹೆದರಿಕೆ ಆಗ್ತಿದೆ," ಎಂದು ಬಾಯಿಬಿಟ್ಟು ಹೇಳುವುದನ್ನು ಮಾತ್ರ ರೂಢಿ ಮಾಡಿಕೊಂಡಳು. ಹೇಳಿದರೆ ಯಾರಾದರೊಬ್ಬರು ಪಕ್ಕದಲ್ಲಿ ಕೂರುತ್ತಿದ್ದರು. ಪಾದಕ್ಕೆ ಹತೋಟಿ ಸಾಲದ್ದರಿಂದ ಮೊಣಕಾಲಿನಿಂದ ಒತ್ತುವ ಹಾಗೆ ಗಂಡ ಮೋಟಾರು ಮಷಿನ್ನಿನ ಪೆಡಲು ಎತ್ತಿ ಕೂರಿಸಿಕೊಟ್ಟ. ಗುಮಾಸ್ತನಿಗೆ ಹೊಸ ಬಟ್ಟೆ ತಂದು ಕೋಟು ಹೊಲಿದಳು. ಒಂದು ಗಂಟೆಗೆ ಸರಿಯಾಗಿ ಅಂಗಡಿಯ ಅರ್ಧ ಬಾಗಿಲು ಎಳೆದು ಕೂತು ಉಣ್ಣುವುದು ಬೀದಿಗೆಲ್ಲ ಗೊತ್ತಾಯಿತು. ಆ ಅರ್ಧ ಗಂಟೆ ಯಾರೂ ಅಳತೆ ಕೊಡಲು ಬರುತ್ತಿರಲಿಲ್ಲ.

ವರ್ಷ ತುಂಬಿದ ಮೇಲೆ ತಪಾಸಣೆಗೆ ಹೋದಾಗ ತೂಕ ಎಪ್ಪತ್ತೊಂಬತ್ತು ಕಿಲೋ. ಹಿಂದಿನ ತಿಂಗಳಿಗಿಂತ ಒಂದು ಕಿಲೋ ಏರಿತ್ತು. ತಕ್ಕಡಿಯ ಮೇಲೆ ನಿಂತವಳ ಮುಖ ಕಪ್ಪಿಟ್ಟಿತು. ತಿನ್ನದಿದ್ದರೆ ಸಾಯುವ ಭಯ ಒಂದು ಕಡೆ, ತಿಂದರೆ ಮತ್ತೆ ನೂರ ಇಪ್ಪತ್ತೆಂಟಾಗುವ ಭಯ ಇನ್ನೊಂದು ಕಡೆ.

"ಹೇಳಿ," ಎಂದಳು ಆಹಾರ ತಜ್ಞೆ, ಅವಳ ಮುಖ ನೋಡಿ.

"ನಾಳೆಯಿಂದ ಒಂದು ಹೊತ್ತು ಬಿಡೋಣ ಅನ್ನಿಸ್ತಿದೆ."

"ಬಿಡ್ತೀರಾ?"

ಟೇಪಕ್ಕ ತಕ್ಕಡಿಯಿಂದ ಇಳಿದಳು. "ಇಲ್ಲ. ಅನ್ನಿಸಿದ್ದು ಹೇಳ್ದೆ."

"ಒಂದು ಕಿಲೋ ಏರತ್ತೆ, ಇಳಿಯತ್ತೆ. ಮುಂದಿನ ತಿಂಗಳು ನೋಡೋಣ," ಎಂದು ಆಹಾರ ತಜ್ಞೆ ಕಾರ್ಡಿನಲ್ಲಿ ಬರೆದುಕೊಂಡಳು.

ಹೊರಗೆ ಬರುವಷ್ಟರಲ್ಲಿ ಒಂದು ಗಂಟೆ. ಕಾರಿಡಾರಿನ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಬೇಳೆ, ಎರಡು ಚಮಚ ಅನ್ನ, ಬೇಯಿಸಿದ ತರಕಾರಿ. ಜೊತೆಗೆ ಬಂದಿದ್ದ ಗಂಡ ಅಲ್ಲಿನ ಲಿಫ್ಟಿನ ಬಾಗಿಲಿಗೆ ಕಿವಿ ಕೊಟ್ಟು, ರೋಲರು ಸವೆದಿದೆ, ಇವರಿಗೆ ಹೇಳುವವರು ಯಾರೂ ಇಲ್ಲವೇ ಎಂದು ಗೊಣಗುತ್ತಿದ್ದ. ಬೇಳೆಯ ಮೊದಲ ಚಮಚ ಎತ್ತುವ ಮುಂಚೆ ಅವಳ ಎದೆ ಎಂದಿನಂತೆ ಒಮ್ಮೆ ಧಸಕ್ಕೆಂದಿತು. ಚಮಚವನ್ನು ಬಾಯಿಗಿಟ್ಟು, ಕೆಳಗಿಟ್ಟು, ಅಗಿಯತೊಡಗಿದಳು.

"ಹೊರಡೋಣವಾ?" ಎಂದ ಗಂಡ, ತಿರುಗಿ.

ಅವಳು ತುಂಬಿದ ಬಾಯಲ್ಲಿ ಇಲ್ಲವೆಂದು ತಲೆ ಅಲ್ಲಾಡಿಸಿ, ಪಕ್ಕದಲ್ಲಿ ಕೂರೆಂದು ಬೆಂಚು ತಟ್ಟಿ ತೋರಿಸಿದಳು.